ಬಿಸಿಲು ಕುಡಿದ ಖಂಡ

ಹೆಸರಿಗೆ ಮೂಕಮ್ಮ. ಆದರೆ ದೇವದುರ್ಗದ ಕೇರಿಯಲ್ಲಿ ಅವಳ ಬಾಯಿಗೆ ಬಾಯಿ ಕೊಟ್ಟು ಗೆದ್ದವರು ಯಾರೂ ಇರಲಿಲ್ಲ. ಬೆಳಗಾದರೆ ಕೋಳಿ ಕೂಗುವ ಮೊದಲೇ ಅವಳ ದನಿ ಏಳುತ್ತಿತ್ತು, ದೀಪ ಆರಿದ ಮೇಲೂ ಒಂದಿಷ್ಟು ಹೊತ್ತು ಗೊಣಗುತ್ತಿತ್ತು. ಅವಳು ಹೆಸರಿಗೆ ತಕ್ಕಂತೆ ಸುಮ್ಮನಿರುತ್ತಿದ್ದದ್ದು ಒಂದೇ ಹೊತ್ತು, ಖಂಡ ಕೊಯ್ಯಲು ಕುಳಿತಾಗ. ಆಗ ಯಾರಾದರೂ ಮಾತಾಡಿಸಿದರೆ ತಲೆ ಎತ್ತದೆ ಬರೀ ಕೈಸನ್ನೆ ಮಾಡಿ ಆಚೆಗೆ ಕಳಿಸುತ್ತಿದ್ದಳು.

ಖಂಡ ಕೊಯ್ಯುವುದು ಎಲ್ಲರಿಗೂ ಬರುತ್ತದೆ. ಬಿಚ್ಚುವುದು ಬರುವುದಿಲ್ಲ. ಮೂಕಮ್ಮ ಈಳಿಗೆಯ ಮಣೆಯನ್ನು ಕಾಲಲ್ಲಿ ಒತ್ತಿ ಹಿಡಿದು, ತೊಡೆಯ ಮಾಂಸದ ಮುದ್ದೆಯೊಂದನ್ನು ಅಲಗಿಗೆ ಒಡ್ಡಿ, ಕೈಯಲ್ಲೇ ಮೆಲ್ಲಗೆ ತಿರುಗಿಸುತ್ತ ಹೋಗುತ್ತಿದ್ದಳು. ಸುತ್ತಿಟ್ಟ ಬಟ್ಟೆ ಬಿಚ್ಚಿಕೊಂಡ ಹಾಗೆ ಆ ಮುದ್ದೆ ಒಂದೇ ಎಳೆಯಾಗಿ ಮಾರುದ್ದ ಇಳಿಯುತ್ತಿತ್ತು. ಎಲ್ಲಿಯೂ ಹರಿಯುತ್ತಿರಲಿಲ್ಲ, ಎಲ್ಲಿಯೂ ದಪ್ಪ ಉಳಿಯುತ್ತಿರಲಿಲ್ಲ. ದಪ್ಪ ಉಳಿದಲ್ಲಿ ಹುಳ ಬೀಳುತ್ತದೆ ಎಂದು ಅವಳ ಅತ್ತೆ ಕಲಿಸಿಕೊಟ್ಟಿದ್ದಳು. ಕಲಿಸುವಾಗ ತಪ್ಪಿದರೆ ಬೆರಳ ಗಂಟಿನ ಮೇಲೆ ಸೌಟಿನಿಂದ ಬಾರಿಸುತ್ತಿದ್ದಳಂತೆ. ಉಪ್ಪು, ಅರಿಶಿಣ, ಕುಟ್ಟಿದ ಖಾರ ಸವರಿ, ಪುಂಡಿನಾರಿನ ಹಗ್ಗದ ಮೇಲೆ ಆ ಎಳೆಗಳನ್ನು ಇಳಿಬಿಟ್ಟು, ಕೆಳಗೆ ಬೇವಿನ ಸೊಪ್ಪಿನ ಹೊಗೆ ಹಾಕಿ, ಕೈಯಲ್ಲಿ ಕೋಲು ಹಿಡಿದು ಅವಳು ಕೂತಳೆಂದರೆ ನೊಣಕ್ಕೂ ಹದ್ದಿಗೂ ಅಲ್ಲಿ ಸುಳಿಯುವ ಧೈರ್ಯವಿರಲಿಲ್ಲ. ಹೊತ್ತು ಮುಳುಗುವ ಮುಂಚೆ ಒಳಗೆ ತರಬೇಕು, ಬಿಸಿಲೇರಿದ ಮೇಲೆ ಮತ್ತೆ ಹೊರಗೆ ಹಾಕಬೇಕು. ಮುರಿದರೆ ಒಣ ಕಡ್ಡಿಯ ಹಾಗೆ ಲಟಕ್ಕನೆ ಮುರಿಯುವ ತನಕ ಅದನ್ನು ಅವಳು ಖಂಡ ಎನ್ನುತ್ತಿರಲಿಲ್ಲ. ಮಳೆಗಾಲದಲ್ಲಿ ಕೂಲಿ ಇಲ್ಲದೆ ಕೇರಿ ಮುದುರಿ ಕೂತಾಗ, ಮೂಕಮ್ಮನ ಗಡಿಗೆಯಿಂದ ನಾಲ್ಕು ತುಣುಕು ತಂದು ಪುಂಡಿಸೊಪ್ಪಿನ ಜೊತೆ ಕುದಿಸಿದರೆ ಒಂದು ಮನೆಯ ಊಟ ಸಾಗುತ್ತಿತ್ತು.

ಖಂಡ ಎಲ್ಲಿಂದ ಬರುತ್ತಿತ್ತು ಎಂದು ಕೇಳುವವರು ಆ ಕಾಲದ ಊರನ್ನು ನೋಡಿದವರಲ್ಲ. ದನ ಬದುಕಿರುವಾಗ ಊರಿನದು, ಸತ್ತ ಮೇಲೆ ಕೇರಿಯದು. ಹೊತ್ತೊಯ್ಯುವುದು ಕೇರಿಯ ಕೆಲಸ, ತೊಗಲು ಮತ್ತು ಖಂಡ ಕೇರಿಯ ಪಾಲು. ಹೊರುವಾಗ ಮೂಗು ಮುಚ್ಚಿಕೊಂಡ ಊರು, ತೊಗಲಿಗೆ ಬೆಲೆ ಬಂದ ದಿನ ಮೂಗು ಬಿಟ್ಟುಕೊಂಡಿತು. ಅದನ್ನು ಮುಂದೆ ಹೇಳುತ್ತೇನೆ.

ಯಾರಾದರೂ ಸತ್ತದ್ದು ತಿನ್ನಲು ಹಿಂಜರಿದರೆ ಮೂಕಮ್ಮನ ಬಳಿ ಒಂದು ಮಾತು ಸಿದ್ಧವಾಗಿತ್ತು. "ಬಿಸಿಲು ಕುಡಿದ ಖಂಡಕ್ಕ ರೋಗಿಲ್ಲ" ಎನ್ನುತ್ತಿದ್ದಳು. ರಾಯಚೂರು ಸೀಮೆಯ ಬಿಸಿಲಿಗೆ ಕಲ್ಲೇ ಸಿಡಿಯುತ್ತದೆ, ಇನ್ನು ರೋಗದ ಪಾಡೇನು ಎಂದು ಕೇರಿ ನಕ್ಕು ಒಪ್ಪಿತ್ತು. ಹೇಳಿ ಹೇಳಿ ಅದು ಕೇರಿಯ ಗಾದೆಯೇ ಆಯಿತು. ತನ್ನದೇ ಮಾತು ನಾಲ್ಕು ಮಂದಿಯ ಬಾಯಲ್ಲಿ ತಿರುಗಿ ಬಂದರೆ ಯಾರಿಗಾದರೂ ಅದು ದೇವರ ಮಾತಿನ ಹಾಗೆ ಕೇಳಿಸುತ್ತದೆ.

ಅವಳಿಗೆ ಗಂಡನಿರಲಿಲ್ಲ. ಇದ್ದದ್ದು ಒಬ್ಬಳೇ ಮಗಳು ದುರುಗಮ್ಮ. ಮಾನ್ವಿಯಿಂದಾಚೆ ತುಂಗಭದ್ರೆಯ ದಂಡೆಯ ಚೀಕಲಪರ್ವಿಗೆ ಕೊಟ್ಟಿದ್ದಳು. ಅಳಿಯ ಮೌನಪ್ಪ ಒಳ್ಳೆಯವನು, ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಆದರೆ ದುರುಗಮ್ಮನ ಹೊಟ್ಟೆಯಲ್ಲಿ ಕೂಸು ನಿಲ್ಲುತ್ತಿರಲಿಲ್ಲ. ಎರಡು ಬಸಿರು ಇಳಿದು ಹೋಗಿದ್ದವು. ಮೂರನೆಯದು ನಿಂತು, ಆರು ತಿಂಗಳು ದಾಟಿತ್ತು. ಈ ಸಲವೂ ಹೋದರೆ ಮಗಳೂ ಹೋಗುತ್ತಾಳೆ ಎಂದು ಚೀಕಲಪರ್ವಿಯ ಸೂಲಗಿತ್ತಿ ಹೇಳಿದ್ದಳು. ಅಂದಿನಿಂದ ಮೂಕಮ್ಮನ ಬಾಯಲ್ಲಿ ಮಾತು ಹರಿಯುತ್ತಿದ್ದರೂ ಮನಸ್ಸು ಮಾತ್ರ ಆ ಒಂದೇ ಹೊಟ್ಟೆಯ ಸುತ್ತ ತಿರುಗುತ್ತಿತ್ತು.

ಅದು ಜರ್ಮನ್ ಲಡಾಯಿಯ ಕಾಲ. ನಿಜಾಮ ಸರ್ಕಾರದವರು ಲೆವಿ ಎಂದು ಕಣದಲ್ಲೇ ಜೋಳ ಅಳೆದು ಒಯ್ಯುತ್ತಿದ್ದರು. ದುಡಿದವರಿಗೆ ಹೊಟ್ಟು ಉಳಿಯುತ್ತಿತ್ತು. ಯುಗಾದಿ ಇನ್ನೂ ದೂರವಿದ್ದ ಒಂದು ದಿನ ಮೌನಪ್ಪ ಹೆಗಲ ಮೇಲೆ ಬರಿಯ ಚೀಲ ಹಾಕಿಕೊಂಡು ಬಂದು ಅತ್ತೆಯ ಕಟ್ಟೆಯ ಮೇಲೆ ಕೂತ.

"ಅತ್ತಿ, ಆಕಿ ಏನೂ ಉಣವಲ್ಲಳು. ಗಂಜಿ ಕುಡದ್ರ ಕಾರಿಕೊಳ್ಳಾಕತ್ಯಾಳ. ಬಾಯಿಗಿ ಬರೇ ನಿನ್ನ ಒಣಖಂಡ ಬೇಕಾಗ್ಯದ. ಅವ್ವನ ಕೈಯಾಂದು ತರ್ತಿದ್ರ ಬಾ, ಇಲ್ಲಂದ್ರ ಅಲ್ಲೇ ಇರು ಅಂದಾಳ."

ಮೂಕಮ್ಮ ಒಳಗೆ ಹೋಗಿ ಗಡಿಗೆಯಲ್ಲಿ ಕೈ ಹಾಕಿದಳು. ತಳ ಸಿಕ್ಕಿತು. ಆ ವರ್ಷ ಊರಲ್ಲಿ ದನ ಸತ್ತಿರಲಿಲ್ಲ. ಬಸುರಿ ಮಗಳು ಬಾಯಿ ಬಿಟ್ಟು ಕೇಳಿದಾಗ ತಾಯಿಯ ಗಡಿಗೆ ಖಾಲಿ ಇರುವುದಕ್ಕಿಂತ ದೊಡ್ಡ ನಾಚಿಕೆ ಅವಳಿಗೆ ತೋರಲಿಲ್ಲ.

"ನಾಕು ದಿನ ಇರು" ಎಂದಳು ಅಳಿಯನಿಗೆ. "ಎಲ್ಲಿಂದರ ತರ್ತೀನಿ."

ದೇವರು ಕೇಳಿಸಿಕೊಂಡನೋ, ಮತ್ತೆ ಯಾರಾದರೂ ಕೇಳಿಸಿಕೊಂಡರೋ! ಮರುದಿನ ಬೆಳಿಗ್ಗೆಯೇ ವಿರೂಪಣ್ಣ ಗೌಡರ ಬಿಳಿ ಎತ್ತು ಸತ್ತಿತು.

ಹಿಂದಿನ ಸಂಜೆ ನೀರು ಕುಡಿದು ನಿಂತಿದ್ದ ಎತ್ತು. ಬೆಳಗ್ಗೆ ನೋಡಿದರೆ ಹೊಟ್ಟೆ ಉಬ್ಬಿ, ಕಾಲು ಚಾಚಿ ಬಿದ್ದಿತ್ತು. ಮೂಗಿನಿಂದ ಕಪ್ಪನೆಯ ರಕ್ತ ಇಳಿದಿತ್ತು. ಗೌಡರು ಆಳನ್ನು ಕಳಿಸಲಿಲ್ಲ, ತಾವೇ ಬಂದರು. ಕೇರಿಯ ಒಳಗೆ ಕಾಲಿಡದೆ ಬೇವಿನ ಮರದ ಹತ್ತಿರವೇ ನಿಂತು ಕೂಗಿದರು.

"ಲೇ ಪಕೀರಾ! ಎತ್ತು ಒಯ್ದು ತೊಗಲು ಸಮೇತ ಹುಗದು ಬರ್ರಿ. ಕೊಯ್ಯಬ್ಯಾಡ್ರಿ. ಇದು ನೆರಡಿ ಬ್ಯಾನಿ ಇದ್ದಂಗ ಕಾಣ್ತದ, ಕೊಯ್ದವರಿಗೂ ಹತ್ತತದ. ಹ್ವಾದ ವರ್ಷ ಗಿಲ್ಲೆಸುಗೂರಾಗ ಕುರಿ ಸತ್ತಾಗ ರಾಯಚೂರಿಂದ ದನದ ಡಾಕ್ಟರು ಬಂದು ಹಿಂಗೇ ಹೇಳಿ ಹೋಗ್ಯಾರ. ಸುಣ್ಣ ನಾ ಕೊಡ್ತೀನಿ, ಕುಣಿ ಆಳ ತೆಗೀರಿ."

ಪಕೀರಪ್ಪ ಮೂಕಮ್ಮನ ಮೈದುನ. ಕೇರಿಯಲ್ಲಿ ದನ ಹೊರುವುದಕ್ಕೂ ಸುಲಿಯುವುದಕ್ಕೂ ಅವನೇ ಮುಂದಾಳು. ಗೌಡರ ಎದುರು "ಆತ್ರಿ ಯಪ್ಪಾ" ಎಂದು ಕೈ ಮುಗಿದ. ಗೌಡರು ಬೆನ್ನು ತಿರುಗಿಸಿದ ಕೂಡಲೇ ನೆಲಕ್ಕೆ ಉಗುಳಿದ.

ಉಗುಳಿದ್ದಕ್ಕೆ ಕಾರಣವಿತ್ತು. ಹಿಂದಿನ ಬೇಸಿಗೆಯಲ್ಲಿ ಗೌಡರ ಎಮ್ಮೆ ಸತ್ತಾಗಲೂ ಅವರು ರೋಗ, ರೋಗ ಎಂದು ಬೊಬ್ಬೆ ಹಾಕಿ ಹುಗಿಸಿದ್ದರು. ಕೇರಿ ನಂಬಿ, ಬಂದ ಖಂಡ ಬಿಟ್ಟು, ಕುಣಿ ತೋಡಿ ಮುಚ್ಚಿ ಬಂದಿತ್ತು. ಆಮೇಲೆ ನೋಡಿದರೆ ಆ ಕುಣಿ ಬಾಯಿ ತೆರೆದುಕೊಂಡಿತ್ತು, ಎಮ್ಮೆಯ ತೊಗಲು ಗೌಡರ ಕೊಟ್ಟಿಗೆಯ ಗೋಡೆಗೆ ಬಡಿದು ಒಣಗುತ್ತಿತ್ತು. ಲಡಾಯಿಗೆ ಬೂಟು ಬೇಕು, ಬೂಟಿಗೆ ತೊಗಲು ಬೇಕು, ಅದಕ್ಕೆ ತೊಗಲಿನ ಬೆಲೆ ಏರಿತ್ತು. ಕೇಳಲು ಹೋದ ಪಕೀರಪ್ಪನಿಗೆ ಸಿಕ್ಕಿದ್ದು ಬೈಗಳು. ಒಮ್ಮೆ ಸುಳ್ಳು ಹೇಳಿ ಗೆದ್ದವರ ಬಾಯಲ್ಲಿ ನಿಜ ಬಂದರೂ ಅದಕ್ಕೆ ಸುಳ್ಳಿನದೇ ವಾಸನೆ ಇರುತ್ತದೆ. ಈ ಸಲ ಗೌಡರು ನಿಜ ಹೇಳಿದ್ದರು. ಕೇರಿಯಲ್ಲಿ ಅದನ್ನು ನಂಬಲು ಯಾರಿಗೂ ಆಗಲಿಲ್ಲ.

"ನೆರಡಿ ಅಂತ ನೆರಡಿ! ತೊಗಲಿಗಿ ರೊಕ್ಕ ಬಂದಾಗೆಲ್ಲ ಇವರ ದನಕ್ಕ ನೆರಡಿ ಬರ್ತದ" ಎಂದ ಪಕೀರಪ್ಪ. ಎತ್ತನ್ನು ಹೊತ್ತು ಹಳ್ಳದಾಚೆಯ ತಗ್ಗಿಗೆ ಒಯ್ದು, ಊರಿಗೆ ಕಾಣದ ಹಾಗೆ ಜಾಲಿಮರಗಳ ಮರೆಯಲ್ಲಿ ಸುಲಿದರು.

ಮೂಕಮ್ಮನೂ ಬುಟ್ಟಿ ಹಿಡಿದು ಹೋಗಿದ್ದಳು. ಮೌನಪ್ಪ ದೂರ ನಿಂತಿದ್ದ. ಅವನು ಒಂದು ವರ್ಷ ರಾಯಚೂರಿನ ಹತ್ತಿಯ ಜಿನ್ನಿನಲ್ಲಿ ಹಮಾಲಿ ಮಾಡಿದವನು. ಅಲ್ಲಿ ಯಾರೋ ತಿಳಿದವರು ಸಭೆ ಕೂಡಿಸಿ, ಸತ್ತದ್ದು ಹೊರಬೇಡಿ, ಸತ್ತದ್ದು ತಿನ್ನಬೇಡಿ ಎಂದು ಹೇಳಿದ್ದನ್ನು ಕೇಳಿಸಿಕೊಂಡಿದ್ದ. ಆ ಮಾತನ್ನೇ ಈಗ ಮೆಲ್ಲಗೆ ಎತ್ತಿದ.

"ಸತ್ತದ್ದು ಬ್ಯಾಡಂದ್ರ ಬದುಕಿದ್ದು ಯಾರು ಕೊಡ್ತಾರೋ ಅಳಿಯಾ? ಆ ಸಭಾದವರು ಕೊಟ್ಟು ಕಳಸ್ಯಾರೇನು?" ಎಂದಳು ಮೂಕಮ್ಮ. ಮೌನಪ್ಪನ ಬಾಯಿ ಮುಚ್ಚಿತು.

ಆದರೆ ಎತ್ತಿನ ಹತ್ತಿರ ಹೋದಾಗ ಅವಳ ಬಾಯಿಯೂ ಮುಚ್ಚಿತು. ಪಕೀರಪ್ಪನ ಕತ್ತಿ ಇಳಿದಲ್ಲೆಲ್ಲ ರಕ್ತ ಹರಿಯುತ್ತಲೇ ಇತ್ತು. ಸತ್ತು ಅಷ್ಟು ಹೊತ್ತಾದ ದನದ ರಕ್ತ ಹೆಪ್ಪುಗಟ್ಟಿರಬೇಕು. ಇದು ಹೆಪ್ಪುಗಟ್ಟಿರಲಿಲ್ಲ. ಗಾಡಿಯ ಕೀಲೆಣ್ಣೆಯ ಹಾಗೆ ಕಪ್ಪಗೆ, ಮಂದವಾಗಿ ಕಲ್ಲಿನ ಮೇಲೆ ಹರಡಿತು. ಸೆಟೆದಿರಬೇಕಾದ ಕಾಲುಗಳು ಹಿಡಿದರೆ ಬಾಗುತ್ತಿದ್ದವು. ಅವಳ ಅತ್ತೆ ಇದ್ದಿದ್ದರೆ ಅಲ್ಲಿಂದಲೇ ಬುಟ್ಟಿ ಬೋರಲು ಹಾಕಿಕೊಂಡು ಹಿಂದಿರುಗುತ್ತಿದ್ದಳು. ಹೆಪ್ಪುಗಟ್ಟದ ರಕ್ತದ ದನಕ್ಕೆ ಈಳಿಗೆ ಮುಟ್ಟಿಸಬಾರದು ಎಂದು ಅವಳೇ ಎಂದೋ ಹೇಳಿದ್ದು ಮೂಕಮ್ಮನಿಗೆ ನೆನಪಿತ್ತು. ನೆನಪಿರಲಿಲ್ಲ ಎಂದು ನಾನು ಹೇಳಿದರೆ ಅದು ಸುಳ್ಳಾಗುತ್ತದೆ.

"ಪಕೀರಾ, ರಕುತ ನೋಡೋ" ಎಂದಳು.

"ನೋಡಿದೆ ಅತ್ತಿಗಿ. ಬಿಸಿಲಿಗಿ ಹಾಕಾಕಿ ನೀ, ನಿನಗ್ಯಾಕ ಅಂಜಿಕಿ? ಬಿಸಿಲು ಕುಡಿದ ಖಂಡಕ್ಕ ರೋಗಿಲ್ಲಂತ ನೀನ ಹೇಳ್ತಿದ್ಯಲ್ಲ" ಎಂದು ಪಕೀರಪ್ಪ ನಕ್ಕ. ಸುತ್ತ ಇದ್ದವರೂ ನಕ್ಕರು. ಅವಳೂ ನಕ್ಕಳು. ನಗದೆ ಏನು ಮಾಡಿಯಾಳು! ಕಣ್ಣೆದುರು ಹಿಂಗಾಲಿನ ತೊಡೆ ಇತ್ತು, ಮಾರುದ್ದ ಬಿಚ್ಚಿಕೊಳ್ಳುವ ಒಳ್ಳೆಯ ಖಂಡ. ಕಣ್ಣ ಹಿಂದೆ ಗಂಜಿ ಕಾರಿಕೊಳ್ಳುವ ಮಗಳು ಇದ್ದಳು. ಆ ತೊಡೆಯನ್ನು ತನ್ನ ಪಾಲಿಗೆ ಕೇಳಿ ತೆಗೆದುಕೊಂಡಳು.

ಆ ಸಲ ಅವಳು ಖಂಡ ಬಿಚ್ಚಿದ ಚೆಂದವನ್ನು ಕೇರಿ ಬಹಳ ದಿನ ನೆನೆಯಿತು. ಎಳೆಗಳು ಎಂದಿಗಿಂತ ತೆಳ್ಳಗೆ ಇಳಿದವು. ಅರಿಶಿಣವನ್ನು ಎಂದಿಗಿಂತ ಹೆಚ್ಚು ಸವರಿದಳು, ಖಾರವನ್ನೂ ಹೆಚ್ಚಿಗೆ ಮೆತ್ತಿದಳು. ಮಗಳಿಗೆಂದು ಹೆಚ್ಚು ಹಾಕಿದಳೆಂದು ಕಂಡವರು ಅಂದುಕೊಂಡರು. ಮೂಕಮ್ಮನಿಗೆ ಆ ಕಪ್ಪು ಬಣ್ಣ ಮುಚ್ಚಬೇಕಾಗಿತ್ತು. ಕೋಲು ಹಿಡಿದು ಹಗ್ಗದ ಕೆಳಗೆ ಕೂತವಳು ಹದ್ದನ್ನು ನೋಡುವುದನ್ನು ಬಿಟ್ಟು ಸೂರ್ಯನನ್ನೇ ನೋಡುತ್ತಿದ್ದಳು. ಇನ್ನಷ್ಟು ಸುಡು, ಇನ್ನಷ್ಟು ಸುಡು ಎಂದು ಒಳಗೊಳಗೇ ಬೇಡುತ್ತಿದ್ದಳು. ಕೇರಿಯ ಉಳಿದ ಮನೆಗಳವರು ತಮ್ಮ ಪಾಲನ್ನು ಆ ದಿನವೇ ಹೊತ್ತುಗಟ್ಟಲೆ ಕುದಿಸಿ ಉಂಡಿದ್ದರು. ಯಾರಿಗೂ ಏನೂ ಆಗಿರಲಿಲ್ಲ. ಅದನ್ನು ಕಂಡು ಅವಳಿಗೆ ಜೀವ ಬಂದ ಹಾಗಾಯಿತು.

ಎಳೆ ಲಟಕ್ಕನೆ ಮುರಿದ ದಿನ ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಅಳಿಯನ ಕೈಗಿಟ್ಟಳು. ಅದೇ ಹೊತ್ತಿಗೆ ಪಕೀರಪ್ಪ ಕಟ್ಟೆಯ ಬಳಿ ಬಂದು ಮುಂಗೈ ಚಾಚಿದ. ಮಣಿಕಟ್ಟಿನ ಮೇಲೆ ಒಂದು ಸಣ್ಣ ಕೆಂಪು ಗುಳ್ಳೆ ಎದ್ದಿತ್ತು.

"ಏನರ ಕಡಿದದ ನೋಡು ಅತ್ತಿಗಿ. ತಿಂಡಿ ಎದ್ದು ಕೆರಕೊಳ್ಳಾಕತ್ತೀನಿ, ನೋವಂತೂ ಇಲ್ಲ."

"ಸೊಳ್ಳಿ ಕಡಿದಿರಬೇಕು ಬಿಡು" ಎಂದಳು ಮೂಕಮ್ಮ, ಸರಿಯಾಗಿ ನೋಡದೆ. ನೋಡಲು ಮನಸ್ಸಾಗಲಿಲ್ಲ. ಮೌನಪ್ಪ ಗಂಟು ಹೆಗಲಿಗೇರಿಸಿ ಸಿರವಾರದ ದಾರಿ ಹಿಡಿದ. ಅವನು ಹಳ್ಳ ದಾಟಿ ಮರೆಯಾಗುವ ತನಕ ಅವಳು ಬೇವಿನ ಮರದ ಕೆಳಗೆ ನಿಂತಿದ್ದಳು. ಒಮ್ಮೆ ಕೂಗಿ ಕರೆಯಬೇಕೆನಿಸಿತು. ಕರೆದು ಏನು ಹೇಳುವುದು? ಊರಿನ ಬಾಯನ್ನೇ ಮುಚ್ಚಿಸುವ ಹೆಂಗಸು ಅಂದು ಒಂದು ಕೂಗು ಹಾಕಲಾರದೆ ಮನೆಗೆ ಬಂದಳು.

ಮರುದಿನ ತೊಗಲಿನ ವ್ಯಾಪಾರಿ ಸತ್ತಾರ್ ಸಾಬ್ ಎಂದಿನ ಹಾಗೆ ಬಂಡಿ ಹೊಡೆದುಕೊಂಡು ಬಂದ. ದೇವದುರ್ಗ, ಮಾನ್ವಿ, ರಾಯಚೂರು ಸುತ್ತಿ ತೊಗಲು ಕೊಳ್ಳುವವನು, ಕೇರಿಗೆಲ್ಲ ಪರಿಚಯದವನು. ಬಚ್ಚಿಟ್ಟಿದ್ದ ಎತ್ತಿನ ತೊಗಲನ್ನು ಪಕೀರಪ್ಪ ತಂದು ಅವನ ಮುಂದೆ ಹಾಸಿದ. ಸತ್ತಾರ್ ಸಾಬ್ ತೊಗಲನ್ನು ನೋಡಲೇ ಇಲ್ಲ. ಪಕೀರಪ್ಪನ ಕೈಯನ್ನು ನೋಡಿದ. ಗುಳ್ಳೆ ಒಡೆದು ನಡುವೆ ಕಲ್ಲಿದ್ದಲಿನಂತೆ ಕಪ್ಪಾಗಿತ್ತು. ಸುತ್ತ ನೀರುಗುಳ್ಳೆಗಳು ಎದ್ದಿದ್ದವು. ಕೈ ಮೊಣಕೈಯ ತನಕ ಬಾತುಕೊಂಡಿತ್ತು.

"ನೋವು ಅದ ಏನೋ ಪಕೀರಾ?"

"ಅದೇ ಮೋಜು ನೋಡ್ರಿ ಸಾಬ್ರ. ಇಷ್ಟು ಬಾತದ, ನೋವ ಇಲ್ಲ."

ಸತ್ತಾರ್ ಸಾಬ್ ಬಂಡಿಯಿಂದ ಇಳಿಯಲು ಹೊರಟವನು ಕಾಲು ಮೇಲೆಳೆದುಕೊಂಡ. "ಯಾ ಅಲ್ಲಾ! ಕಾಲಾ ಫೋಡಾ ಇದು, ನೆರಡಿ ದನದಿಂದ ಬರೋ ಕರಿ ಹುಣ್ಣು. ರಾಯಚೂರಾಗ ತೊಗಲು ಹದ ಮಾಡೋ ಇಬ್ಬರು ಇದ್ರಾಗೇ ಹ್ವಾದ್ರು. ಆ ತೊಗಲು ನನಗ ಬ್ಯಾಡಪ್ಪ, ಸುಟ್ಟುಬಿಡ್ರಿ. ಈಗಿಂದೀಗ ಸುಡ್ರಿ. ಇದರ ಗೋಷ್ ತಿಂದಿಲ್ಲ ಅಲ್ಲ?"

ಕಟ್ಟೆಯ ಮೇಲಿದ್ದ ಮೂಕಮ್ಮ ಎದ್ದು ಬಂಡಿಯ ಗಾಲಿ ಹಿಡಿದಳು. "ಒಣಗಿಸಿದ್ರ ಸಾಬ್ರ? ಚೆಂದಂಗ ಬಿಸಿಲಿಗಿ ಒಣಗಿಸಿ, ಉಪ್ಪು ಅರಿಶಿಣ ಹಾಕಿದ್ರ?"

"ಬಿಸಿಲು ಏನು ಮಾಡ್ತದ ಅದಕ್ಕ? ಆ ಇಬ್ಬರು ಮುಟ್ಟಿದ್ದು ವರ್ಷಗಟ್ಟಲೆ ಒಣಗಿ ಕೊರಡಾಗಿದ್ದ ತೊಗಲು, ಮೂಕಮ್ಮಾ. ಒಣಗಿದ್ರ ಇದು ಸಾಯಲ್ಲ, ಮಲಗ್ತದ ಅಷ್ಟೇ. ಹೊಟ್ಟಿಯಾಗ ಹ್ವಾದ್ರ ಮತ್ತ ಏಳ್ತದ."

ಮೂಕಮ್ಮ ಹುಟ್ಟಿಸಿ ಸಾಕಿದ ಮಾತು ಅಲ್ಲೇ ಅವಳ ಕಾಲ ಬುಡದಲ್ಲಿ ಸತ್ತು ಬಿತ್ತು. ಅಳಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. "ಸಾಬ್ರ, ನನ್ನ ಮಗಳು ಬಸುರಿ. ಆಕಿಗಿ ಕಳಿಸೀನಿ. ನಿಮ್ಮ ಎತ್ತು ಎಷ್ಟು ಓಡ್ತಾವ ಅಷ್ಟು ಓಡಿಸ್ರಿ" ಎಂದು ಕೇಳದೆಯೇ ಬಂಡಿ ಹತ್ತಿ ಕೂತಳು. ಸತ್ತಾರ್ ಸಾಬ್ ಬಂಡಿ ತಿರುಗಿಸಿದ. ಪಕೀರಪ್ಪ ತನ್ನ ಕೈಯನ್ನೇ ನೋಡುತ್ತ ಕೇರಿಯ ನಡುವೆ ನಿಂತಿದ್ದ. ಅವನತ್ತ ತಿರುಗಿ ನೋಡಬೇಕೆಂಬುದು ಆಗ ಅವಳಿಗೆ ಹೊಳೆಯಲಿಲ್ಲ. ಆಮೇಲೆ ಜೀವವಿರುವವರೆಗೂ ಅದು ಅವಳನ್ನು ಕಾಡಿತು.

ದಾರಿಯುದ್ದಕ್ಕೂ ಕೊಯ್ದ ಜೋಳದ ಹೊಲಗಳು ಬೋಳಾಗಿ ಬಿದ್ದಿದ್ದವು. ಎಲ್ಲಿ ನೋಡಿದರೂ ಬಿಸಿಲು, ಬರೀ ಬಿಸಿಲು. ನಿನ್ನೆಯ ತನಕ ಕೈ ಮುಗಿದು ಬೇಡುತ್ತಿದ್ದ ಅದೇ ಬಿಸಿಲನ್ನು ಈಗ ಕಣ್ಣೆತ್ತಿ ನೋಡಲಾರದೆ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಮೌನಪ್ಪ ಮಾನ್ವಿಯಲ್ಲಿ ಜೋಳದ ಅಂಗಡಿಯ ಸಾಲಿನಲ್ಲಿ ನಿಂತಿರಲಿ, ದಾರಿಯಲ್ಲಿ ಕಾಲು ಉಳುಕಿ ಕೂತಿರಲಿ, ಕಳ್ಳರು ಗಂಟು ಕಿತ್ತುಕೊಂಡಿರಲಿ ಎಂದು ನೆನಪಿಗೆ ಬಂದ ದೇವರಿಗೆಲ್ಲ ಹರಕೆ ಹೊತ್ತಳು. ಸಿರವಾರದಲ್ಲಿ ರಾತ್ರಿ ತಂಗಲೇಬೇಕಾಯಿತು, ಎತ್ತುಗಳು ನೊರೆ ಕಾರುತ್ತಿದ್ದವು. ಮಾನ್ವಿ ಮುಟ್ಟಿ ವಿಚಾರಿಸಿದರೆ, ಮೌನಪ್ಪ ಹಿಂದಿನ ದಿನವೇ ದಾಟಿ ಹೋಗಿದ್ದನೆಂದು ತಿಳಿಯಿತು. ಅಲ್ಲಿಂದ ಮುಂದೆ ಬಂಡಿಯ ದಾರಿ ಹದಗೆಟ್ಟಿತ್ತು. ಅವಳು ಇಳಿದು ನಡೆದಳು, ನಡೆದಳೆನ್ನುವುದಕ್ಕಿಂತ ಓಡಿದಳು.

ಚೀಕಲಪರ್ವಿಯ ಕೇರಿ ಹೊಳೆಯ ಮಗ್ಗುಲಿಗಿದೆ. ಮಗಳ ಗುಡಿಸಲ ಬಾಗಿಲು ತೆರೆದಿತ್ತು. ಮೌನಪ್ಪ ಕೂಲಿಗೆ ಹೋಗಿದ್ದ. ಒಳಗೆ ದುರುಗಮ್ಮ ತುಂಬಿದ ಹೊಟ್ಟೆಯನ್ನು ಒಂದು ಕೈಯಲ್ಲಿ ಆನಿಸಿಕೊಂಡು, ಇನ್ನೊಂದು ಕೈಯಿಂದ ಒಲೆಯ ಕೆಂಡದ ಮೇಲೆ ಒಂದು ಎಳೆ ಖಂಡವನ್ನು ಹೊರಳಿಸುತ್ತಿದ್ದಳು.

"ಯವ್ವಾ! ನೀ ಯಾವಾಗ ಬಂದಿ?"

ಮೂಕಮ್ಮ ಕೆಂಡಕ್ಕೆ ಕೈ ಹಾಕಿ ಆ ಎಳೆಯನ್ನು ಕಿತ್ತು ಬೆಂಕಿಯೊಳಗೆ ತಳ್ಳಿದಳು. ಬೆರಳು ಸುಟ್ಟದ್ದು ತಿಳಿಯಲಿಲ್ಲ. "ತಿಂದ್ಯಾ? ಒಂದು ಚೂರರ ತಿಂದ್ಯಾ? ನನ್ನ ಮ್ಯಾಲ ಆಣಿ ಇಟ್ಟು ಹೇಳು."

"ಇಲ್ಲಬೇ, ಇನ್ನೂ ಬಾಯಿಗಿ ಇಟ್ಟಿಲ್ಲ. ಯಾಕ?"

ಮೂಕಮ್ಮ ಅಲ್ಲೇ ಕುಸಿದು ಕೂತು ಮಗಳ ಹೊಟ್ಟೆಗೆ ಮುಖ ಒತ್ತಿ ಗೊಳೋ ಎಂದು ಅತ್ತಳು. ಎರಡು ದಿನದಿಂದ ಎದೆಯ ಮೇಲೆ ಕೂತಿದ್ದ ಬಂಡೆ ಇಳಿದಿತ್ತು. ಒಳಗಿನ ಕೂಸು ಒದ್ದದ್ದು ಅವಳ ಕೆನ್ನೆಗೆ ತಾಕಿತು.

"ಉಳಿದ ಖಂಡ ಎಲ್ಲಿ ಅದ? ತಾ, ಹೊಳಿಗಿ ಒಗೀತೀನಿ."

ದುರುಗಮ್ಮ ತಾಯಿಯ ತಲೆ ಸವರಿ ನಕ್ಕಳು. "ಉಳಿದದ್ದು ಎಲ್ಲಿ ಬಂತು? ಇದೊಂದು ಎಳಿ ಇಟ್ಟುಕೊಂಡು ಎಲ್ಲಾ ಬೀರಿದೆ. ತವರುಮನಿ ಬುತ್ತಿ ಬೀರದ ಒಳಗ ಇಟ್ಟುಕೊಂಡು ತಿನ್ನಾಕ ನಾ ಏನು ಹೊಟ್ಟಿಬಾಕೇನು? ಮನಿ ಮನಿಗಿ ಕೊಟ್ಟು ಬಂದೆ. ದೇವದುರ್ಗದ ಮೂಕಮ್ಮನ ಖಂಡ ಅಂದ್ರ ಎಲ್ಲರೂ ಎಷ್ಟು ಖುಷಿ ಪಟ್ಟರಂದಿ!"

ಬುತ್ತಿ ಬೀರುವುದು. ತವರಿನಿಂದ ಬಂದದ್ದನ್ನು ಮೊದಲು ನೆರೆಮನೆಗಳಿಗೆ ಹಂಚಿ, ಆಮೇಲೆ ತಾನು ತಿನ್ನುವುದು. ಆ ಸೀಮೆಯ ಯಾವ ಹೆಣ್ಣುಮಗಳೂ ಇದನ್ನು ತಪ್ಪಿಸುವುದಿಲ್ಲ. ತಪ್ಪಿಸಬಾರದೆಂದು ದುರುಗಮ್ಮನಿಗೆ ಕಲಿಸಿದವಳೂ ಮೂಕಮ್ಮನೇ. ಮಗಳು ಉಳಿದದ್ದು ಆ ಪದ್ಧತಿಯಿಂದ. ಕೇರಿಗೆ ಕೇರಿಯೇ ಸಿಕ್ಕಿಬಿದ್ದದ್ದೂ ಅದರಿಂದಲೇ.

ಹೊರಗಡೆ ಊಟದ ಹೊತ್ತಿನ ಹೊಗೆ ಏಳುತ್ತಿತ್ತು. ಮೂಕಮ್ಮನಿಗೆ ಒಂದು ಗಳಿಗೆ ಸುಮ್ಮನಿದ್ದುಬಿಡಬೇಕು ಎನಿಸಿತು. ಮಗಳು ಉಳಿದಳು, ಅಷ್ಟು ಸಾಕು. ದೇವದುರ್ಗದಲ್ಲಿ ಕುದಿಸಿ ತಿಂದವರಿಗೆ ಏನಾಯಿತು? ಇವರಿಗೂ ಏನೂ ಆಗಲಿಕ್ಕಿಲ್ಲ. ಬಾಯಿ ಬಿಟ್ಟರೆ ಮಗಳು ಈ ಕೇರಿಯಲ್ಲಿ ಬಾಳುವುದು ಹೇಗೆ? ಹೀಗೆ ಲೆಕ್ಕ ಹಾಕುತ್ತಿದ್ದವಳ ಕಣ್ಣು ಬಾಗಿಲಿಗೆ ಹೋಯಿತು. ಪಕ್ಕದ ಮನೆಯ ಮಾನಮ್ಮನ ಪುಟ್ಟ ಮಗಳು ಹೊಸ್ತಿಲ ಮೇಲೆ ನಿಂತು ಬೇಯಿಸದ ಎಳೆಯೊಂದನ್ನು ಬೆಲ್ಲ ಚೀಪುವ ಹಾಗೆ ಚೀಪುತ್ತಿತ್ತು.

ಮೂಕಮ್ಮ ನೆಗೆದು ಅದನ್ನು ಕಿತ್ತುಕೊಂಡಳು. ಬಾಯೊಳಗೆ ಬೆರಳಿಟ್ಟು ಚೂರನ್ನೂ ಎಳೆದಳು. ಕೂಸು ಕಿರುಚಿತು. ಮಾನಮ್ಮ ಸೌಟು ಹಿಡಿದೇ ಓಡಿ ಬಂದಳು.

"ಏನಬೇ ಇದು? ಮಗಳು ಕೊಟ್ಟದ್ದು ಅವ್ವ ಬಂದು ಕಸಗೊಳ್ಳೋದಾ? ಕೂಸಿನ ಬಾಯಾಗಿಂದು ಕಸಗೊಂಡು ತಿನ್ನಾಕ ದೇವದುರ್ಗದಿಂದ ಬಂದಿಯೇನು?"

"ನೆರಡಿ ಬಂದು ಸತ್ತ ಎತ್ತಿನ ಖಂಡವ್ವಾ ಅದು" ಎಂದಳು ಮೂಕಮ್ಮ. "ಉಣಬ್ಯಾಡ್ರಿ. ಒಲಿ ಮ್ಯಾಲಿಂದು ಇಳಸ್ರಿ. ಎಲ್ಲರಿಗೂ ಹೇಳ್ರಿ."

ಮಾನಮ್ಮ ಸೌಟು ಬಿಸಾಕಿ ಕೂಸನ್ನು ಎತ್ತಿಕೊಂಡು ಗಂಡನ ಹೆಸರು ಕೂಗುತ್ತ ಓಡಿದಳು. ಅವನು ಹಿಂದಿನ ರಾತ್ರಿಯೇ ಸುಟ್ಟು ತಿಂದಿದ್ದ.

ಆಗ ದುರುಗಮ್ಮ ಹಿಂದಿನಿಂದ ಕೇಳಿದಳು. ದನಿ ಎತ್ತರಿಸಲೂ ಇಲ್ಲ.

"ಯವ್ವಾ, ಕಳಿಸುವಾಗ ನಿನಗ ಗೊತ್ತಿತ್ತಾ?"

ಊರಿಗೆಲ್ಲ ಉತ್ತರ ಕೊಡುತ್ತಿದ್ದ ಬಾಯಿ ಅದು. ಗೊತ್ತಿರಲಿಲ್ಲ ಎಂಬ ಒಂದು ಮಾತು ಸಾಕಾಗಿತ್ತು. ಮಗಳೂ ಆ ಮಾತಿಗೇ ಕಾಯುತ್ತಿದ್ದಳು, ಕಣ್ಣಲ್ಲೇ ಬೇಡುತ್ತಿದ್ದಳು. ಮೂಕಮ್ಮನಿಗೆ ಸುಳ್ಳು ಬರಲಿಲ್ಲ.

"ರಕುತ ನೋಡಿದ್ದೆ" ಎಂದಳು. "ಬಿಸಿಲಿಗಿ ಹ್ವಾಗ್ತದ ಅನಕೊಂಡೆ."

ಮೂಕಮ್ಮ ಸೆರಗು ಒಡ್ಡಿಕೊಂಡು ಮನೆ ಮನೆಗೆ ಹೋದಳು. ಕೆಲವರು ಗಡಿಗೆಯನ್ನೇ ಅವಳ ಮುಂದೆ ಬೋರಲು ಹಾಕಿದರು, ಕೆಲವರು ಮುಖಕ್ಕೆ ಉಗುಳಿದರು. ಒಬ್ಬ ಮುದುಕಿ ಮಾತ್ರ, "ತಿಂದು ಮುಗಿಸೀನವ್ವಾ, ಬಲು ರುಚಿ ಇತ್ತು" ಎಂದಳು. ಸಿಕ್ಕಷ್ಟನ್ನು ಹೊಳೆಯ ದಂಡೆಯಲ್ಲಿ ರಾಶಿ ಹಾಕಿ, ಬೆಂಕಿ ಇಟ್ಟು, ಬೂದಿಯಾಗುವ ತನಕ ಮೂಕಮ್ಮ ಅಲ್ಲಿಯೇ ನಿಂತಳು.

ಮಾನಮ್ಮನ ಗಂಡನಿಗೆ ಮೊದಲು ಜ್ವರ ಬಂತು. ಆಮೇಲೆ ಹೊಟ್ಟೆನೋವು, ರಕ್ತಭೇದಿ. ಅವನು ಹೋದ, ಆ ಮುದುಕಿಯೂ ಹೋದಳು. ಚೀಪಿದ ಕೂಸು ಹೇಗೋ ಉಳಿಯಿತು. ಮೂಕಮ್ಮ ದೇವದುರ್ಗಕ್ಕೆ ಹಿಂದಿರುಗುವ ಹೊತ್ತಿಗೆ ಪಕೀರಪ್ಪನನ್ನು ಮಣ್ಣು ಮಾಡಿ ಆಗಿತ್ತು. ವಿರೂಪಣ್ಣ ಗೌಡರು, ನಾನು ಹೇಳಿದ್ದೆ, ನಾನು ಹೇಳಿ ಬಂದಿದ್ದೆ ಎಂದು ಚಾವಡಿಯಲ್ಲಿ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದರು. ಹಿಂದಿನ ವರ್ಷದ ಎಮ್ಮೆಯ ಸುದ್ದಿಯನ್ನು ಅಲ್ಲಿ ಯಾರೂ ಎತ್ತಲಿಲ್ಲ.

ಚೊಚ್ಚಲ ಹೆರಿಗೆಗೆ ಹೆಣ್ಣು ತವರಿಗೆ ಬರಬೇಕು. ದುರುಗಮ್ಮ ಬಂದಳು. ತಿಂಗಳು ತುಂಬಿ, ಸುಖವಾಗಿ ಹೆಣ್ಣು ಕೂಸು ಹೆತ್ತಳು. ಮೂಕಮ್ಮ ಬಾಣಂತಿಗೆ ನೀರು ಹಾಕಿದಳು, ಖಾರ ಕುಟ್ಟಿದಳು, ಮೆತ್ತಗೆ ಅನ್ನ ಬೇಯಿಸಿ ಬೆಳ್ಳುಳ್ಳಿಯ ಸಾರು ಕಲಸಿ ಗಂಗಾಳದಲ್ಲಿಟ್ಟು ಮಗಳ ಮುಂದೆ ತಂದಳು. ಕೂಸನ್ನು ನೋಡಲು ಬಂದ ಕೇರಿಯ ಹೆಂಗಸರು ಬಾಗಿಲಲ್ಲಿ ಕೂತಿದ್ದರು.

ದುರುಗಮ್ಮ ಗಂಗಾಳ ಮುಟ್ಟಲಿಲ್ಲ. "ಮೊದ್ಲ ನೀ ಉಣ್ಣು ಯವ್ವಾ" ಎಂದಳು.

"ನೋಡ್ರಿ, ಹಡೆದ ಮಗಳಂದ್ರ ಹಿಂಗಿರಬೇಕು. ಬಾಣಂತಿ ಇದ್ರೂ ಅವ್ವಗ ಬಿಟ್ಟು ಉಣವಲ್ಲಳು" ಎಂದು ಹೆಂಗಸರು ಹೊಗಳಿದರು.

ಮೂಕಮ್ಮ ಒಂದು ತುತ್ತು ಎತ್ತಿ ಬಾಯಿಗಿಟ್ಟು ಅಗಿದಳು. ಅದು ಗಂಟಲಲ್ಲಿ ಇಳಿಯುವ ತನಕ ಮಗಳು ಅವಳ ಗಂಟಲನ್ನೇ ನೋಡುತ್ತಿದ್ದಳು. ಆಮೇಲೆ ಗಂಗಾಳವನ್ನು ತನ್ನ ಕಡೆಗೆ ಎಳೆದುಕೊಂಡಳು.